ನಲವತ್ತೊಂದನೇ ಪುಟದ ಬ್ರ್ಯಾಕೆಟ್ಟು

ವಿಚಾರಣಾ ಆಯೋಗದ ಕಚೇರಿಯಲ್ಲಿ ಸ್ಟೆನೋ ಆಗಿದ್ದವಳಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಬ್ರ್ಯಾಕೆಟ್ಟಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವಳ ಕಿವಿಗೆ ಬೀಳದ್ದೇನೂ ಅಲ್ಲ. ಬಿದ್ದಾಗ ಬೇಜಾರಿಗಿಂತ ಹೆಮ್ಮೆಯೇ ಒಂದು ತೂಕ ಹೆಚ್ಚಾಗುತ್ತಿತ್ತು.

ಅವಳಿಗೆ ಇಂಗ್ಲಿಷ್ ಕಲಿಸಿದವಳು ಸೋದರತ್ತೆ. ಟೈಪಿಂಗ್ ಶಾಲೆ ನಡೆಸುತ್ತಿದ್ದ ಆ ಅತ್ತೆ ಒಂದು ಅಲ್ಪವಿರಾಮ ತಪ್ಪಿದರೂ ಬೆರಳ ಗಂಟಿಗೆ ಸ್ಕೇಲಿನಿಂದ ಕುಟ್ಟುತ್ತಿದ್ದಳು. ಆವರಣ ಚಿಹ್ನೆಯ, ಅಂದರೆ ಬ್ರ್ಯಾಕೆಟ್ಟಿನ, ಪಾಠದ ದಿನ ಮಾತ್ರ ಅವಳ ಮುಖ ಅರಳಿತ್ತು. ಇಂಗ್ಲಿಷಿನವರು ಪಿಸುಮಾತಿಗೂ ಒಂದು ಕೋಣೆ ಕಟ್ಟಿಟ್ಟಿದ್ದಾರೆ, ಎರಡು ಬಾಗಿದ ಗೋಡೆಯ ನಡುವೆ ಏನು ಬೇಕಾದರೂ ಹೇಳಿಕೊಳ್ಳಬಹುದು, ಅದನ್ನು ಕಿತ್ತು ಬಿಸಾಡಿದರೂ ಹೊರಗಿನ ವಾಕ್ಯ ಕುಂಟಬಾರದು, ಓದುವಾಗ ದನಿ ತಗ್ಗಿಸಬೇಕು, ಅಷ್ಟೇ ನಿಯಮ ಎಂದಿದ್ದಳು. ಹದಿನಾರರ ಹುಡುಗಿಗೆ ಅದು ಎಷ್ಟು ಹಿಡಿಸಿತೆಂದರೆ ಅಂದಿನಿಂದ ಅವಳು ಬರೆದ ಯಾವ ಪುಟವೂ ಆವರಣವಿಲ್ಲದೆ ಮುಗಿಯಲಿಲ್ಲ. ರಜೆ ಅರ್ಜಿಯಲ್ಲೂ ಇರುತ್ತಿತ್ತು. ಅಂಗಡಿ ಚೀಟಿಯಲ್ಲೂ ಇರುತ್ತಿತ್ತು: ಸಾಬೂನು ಎರಡು (ಹೋದ ಸಲದ್ದು ಬೇಡ).

ಮಾತಿನಲ್ಲೂ ಅದೇ ಚಾಳಿ. ಏನಾದರೂ ಹೇಳುತ್ತ ಹೇಳುತ್ತ ನಡುವೆ ನಿಲ್ಲುವಳು, ತುಸು ಪಕ್ಕಕ್ಕೆ ವಾಲಿ, ಅಂಗೈ ಕೆನ್ನೆಗೆ ಅಡ್ಡ ಹಿಡಿದು, ದನಿ ತಗ್ಗಿಸಿ ಇನ್ನೊಂದು ಸಂಗತಿ ಹೇಳುವಳು, ಮತ್ತೆ ನೆಟ್ಟಗಾಗಿ ಬಿಟ್ಟ ಪದದಿಂದಲೇ ಮುಂದುವರಿಯುವಳು. ಅವಳ ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಇವಳ ಜೊತೆ ಮಾತಾಡುವುದೆಂದರೆ ಕಂಡಕಂಡ ಅಡ್ಡರಸ್ತೆಗೆಲ್ಲ ನುಗ್ಗಿ ಬರುವ ಬಸ್ಸು ಹತ್ತಿದ ಹಾಗೆ ಎಂದು ಅವರು ನೆಂಟರ ಮುಂದೆ ತಮಾಷೆ ಮಾಡುತ್ತಿದ್ದರು.

ಆಯೋಗದ ಕೆಲಸದಲ್ಲಿ ಆವರಣಕ್ಕೆ ಅದರದೇ ಜಾಗವಿತ್ತು. ಸಾಕ್ಷಿಗಳು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು, ಕಡತಕ್ಕೆ ಇಂಗ್ಲಿಷ್ ಬೇಕು, ಅದನ್ನು ಅಲ್ಲಲ್ಲೇ ಇಂಗ್ಲಿಷ್ ಮಾಡಿ ಶೀಘ್ರಲಿಪಿಯಲ್ಲಿ ಇಳಿಸಿಕೊಳ್ಳುವುದು ಇವಳ ಕೆಲಸ. ಸಾಕ್ಷಿ ಬಾಯಿ ಬಿಡದೆ ತಲೆಯಾಡಿಸಿದರೆ, ಬೆರಳು ತೋರಿಸಿದರೆ, ಅತ್ತರೆ ಅದನ್ನು ಆವರಣದಲ್ಲಿ ಹಾಕಬೇಕು. ಬೇರೆ ಸ್ಟೆನೋಗಳು ಅಷ್ಟಕ್ಕೇ ಬಿಡುತ್ತಿದ್ದರು. ಇವಳು ಬಿಡುವವಳಲ್ಲ. ಒಬ್ಬ ಸಾಕ್ಷಿ ನೀರು ಕೇಳಿ ಕುಡಿಯದೆ ಲೋಟ ಹಾಗೇ ಇಟ್ಟುಕೊಂಡದ್ದು, ಇನ್ನೊಬ್ಬ ಉತ್ತರ ಕೊಡುವ ಮೊದಲು ತನ್ನ ಮಾಲೀಕರ ಮುಖ ನೋಡಿದ್ದು, ಎಲ್ಲವೂ ಅವಳ ಆವರಣ ಸೇರುತ್ತಿತ್ತು. ಆಯೋಗದ ಹಳೆಯ ನ್ಯಾಯಾಧೀಶರು ಒಮ್ಮೆ ಎಲ್ಲರ ಎದುರು, ನಿಮ್ಮ ರೆಕಾರ್ಡು ಓದುವುದೆಂದರೆ ನಾಟಕ ನೋಡಿದ ಹಾಗೆ ಎಂದುಬಿಟ್ಟರು. ಆ ಮಾತು ಅವಳ ತಲೆಗೇರಿ ಅಲ್ಲೇ ಕೂತಿತು.

ಆ ವರ್ಷ ಆಯೋಗದ ಮುಂದೆ ಬಂದದ್ದು ಲಾಂಡ್ರಿಯ ಪ್ರಕರಣ. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಒಂದು ಬೆಳಿಗ್ಗೆ ಬಾಯ್ಲರ್ ಸಿಡಿದು ಇಬ್ಬರು ಹೆಂಗಸರು ಸತ್ತಿದ್ದರು. ಬಾಯ್ಲರ್ ಕೆಟ್ಟಿದೆ ಎಂದು ಮ್ಯಾನೇಜರಿಗೆ ಮೊದಲೇ ಯಾರಾದರೂ ಹೇಳಿದ್ದರೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಹೇಳಿದ್ದೆವು ಎನ್ನಲು ಉಳಿದವಳು ಒಬ್ಬಳೇ. ಅಲ್ಲಿ ಇಸ್ತ್ರಿ ಮಾಡುತ್ತಿದ್ದಾಕೆ. ಸತ್ತ ಇಬ್ಬರಲ್ಲಿ ಒಬ್ಬಳು ಆಕೆಯ ತಂಗಿ. ಘಟನೆಗೆ ಎರಡು ದಿನ ಮೊದಲು ಅಕ್ಕತಂಗಿ ಇಬ್ಬರೂ ಒಟ್ಟಿಗೇ ಮ್ಯಾನೇಜರ ಕೋಣೆಗೆ ಹೋಗಿದ್ದರು.

ಸಾಕ್ಷಿ ಹೇಳಲು ಬಂದ ದಿನ ಆಕೆ ತೊಟ್ಟಿದ್ದ ಬಟ್ಟೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಗೆರೆಗಳಿದ್ದವು. ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಟ್ಟಳು. ಬಾಯ್ಲರ್ ಕಡೆಯಿಂದ ಶಿಳ್ಳೆಯಂಥ ಸದ್ದು ಬರುತ್ತಿತ್ತು, ಹೋಗಿ ಹೇಳಿದೆವು ಎಂದಳು. ಮ್ಯಾನೇಜರು ಏನಂದರು ಎಂದು ನ್ಯಾಯಾಧೀಶರು ಕೇಳಿದರು.

"ಸದ್ದು ಕೇಳಿಸ್ಬಾರ್ದು ಅಂದ್ರೆ ಜೋರಾಗಿ ಹಾಡ್ಕೊಳ್ಳಿ ಅಂದ್ರು, ಸ್ವಾಮಿ."

ಅಷ್ಟು ಹೇಳಿದ್ದೇ ಆಕೆಯ ಗಂಟಲಿನಿಂದ ಒಂದು ಸದ್ದು ಹೊರಟಿತು. ಎರಡು ಸಲ, ಚಿಕ್ಕದಾಗಿ. ಕೈ ಬಾಯಿಗೆ ಹೋಯಿತು, ಭುಜ ಅಲುಗಿತು. ಹಳೆಯ ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸುತ್ತ ಕೂತರು. ಆ ಸದ್ದು ಏನೆಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಪ್ರಶ್ನೆ ಬಂತು.

ಸಂಜೆ ಟೈಪು ಮಾಡುತ್ತ ಆ ಜಾಗಕ್ಕೆ ಬಂದಾಗ ಬ್ರ್ಯಾಕೆಟ್ಟಮ್ಮನ ಬೆರಳು ನಿಂತವು. ನೋಟ್‌ಬುಕ್ಕಿನಲ್ಲಿ ಏನೂ ಗುರುತು ಹಾಕಿರಲಿಲ್ಲ. ಅದನ್ನು ಏನೆಂದು ಬರೆಯುವುದು? ಅಳು ಎನ್ನೋಣವೆಂದರೆ ಕಣ್ಣೀರು ಬಂದಿರಲಿಲ್ಲ. ಕೇಳುವುದಕ್ಕೆ ನಗುವಿನಂತಿತ್ತು, ನೋಡುವುದಕ್ಕೆ ಹಾಗಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಒಂದು ಸಾಲು ಬರೆಯಬಹುದಿತ್ತು, ಬರೆಯದೆ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಅಂಥ ಉತ್ತರದ ಬೆನ್ನಿಗೆ ಪುಟ್ಟದೊಂದು ಮಾತು ಕೂತರೆ ಪುಟಕ್ಕೆ ಕಳೆ ಬರುತ್ತದೆ ಎನಿಸಿತು. ಆವರಣ ತೆರೆದಳು. ‘ವಿಟ್ನೆಸ್ ಲಾಫ್ಸ್’ ಎಂದು ಹೊಡೆದಳು. ಆವರಣ ಮುಚ್ಚಿದಳು. ಸಾಕ್ಷಿ ನಗುತ್ತಾರೆ. ಒಮ್ಮೆ ಓದಿಕೊಂಡಳು, ಸೊಗಸಾಗಿ ಬಂದಿದೆ ಎನಿಸಿತು, ಯಂತ್ರಕ್ಕೆ ಹೊದಿಕೆ ಹಾಕಿ ಮನೆಗೆ ಹೋದಳು. ಮರುದಿನ ಗುಮಾಸ್ತ ಪ್ರಶ್ನೆ ಉತ್ತರಗಳನ್ನಷ್ಟೇ ಇಸ್ತ್ರಿಯಾಕೆಗೆ ಓದಿ ಹೇಳಿ ಪುಟಪುಟಕ್ಕೂ ಸಹಿ ಹಾಕಿಸಿಕೊಂಡ. ಆವರಣ ಸಾಕ್ಷಿಯ ಮಾತಲ್ಲವಲ್ಲ, ಅದನ್ನು ಓದುವ ಪದ್ಧತಿ ಇರಲಿಲ್ಲ.

ಎಲ್ಲ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ವಾದ ಶುರುವಾಗುವ ಮೊದಲೇ ಹಳೆಯ ನ್ಯಾಯಾಧೀಶರಿಗೆ ಪಾರ್ಶ್ವವಾಯು ಬಡಿದು ಅವರ ಜಾಗಕ್ಕೆ ಹೊಸಬರು ಬಂದರು. ಕಟ್ಟುನಿಟ್ಟಿನ ಮನುಷ್ಯ. ಒಬ್ಬ ಸಾಕ್ಷಿಯ ಮುಖವನ್ನೂ ಅವರು ಕಂಡಿರಲಿಲ್ಲ. ಅವರ ಮುಂದಿದ್ದದ್ದು ಕಾಗದ ಮಾತ್ರ.

ಮಾಲೀಕರ ಕಡೆಯ ವಕೀಲರು ಮೆದುಮಾತಿನವರು. ವಾದದ ದಿನ ನಲವತ್ತೊಂದನೇ ಪುಟ ತೆರೆದು ಪ್ರಶ್ನೆಯನ್ನು ಮೆಲ್ಲಗೆ ಓದಿದರು, ಉತ್ತರವನ್ನೂ ಮೆಲ್ಲಗೆ ಓದಿದರು. ಆಮೇಲೆ ತುಸು ತಡೆದು ಆವರಣದೊಳಗಿನ ಎರಡು ಪದಗಳನ್ನು ಮಾತ್ರ ಏರುದನಿಯಲ್ಲಿ ಓದಿದರು. ಸ್ವಂತ ತಂಗಿಯ ಸಾವಿನ ಬಗ್ಗೆ ಸಾಕ್ಷಿ ಹೇಳಲು ಬಂದವಳು, ಎಚ್ಚರಿಕೆ ಕೊಟ್ಟೆ ಎನ್ನುವ ಜಾಗಕ್ಕೆ ಬಂದಾಗ ನಗುತ್ತಾಳೆ, ಇದು ನಡೆದ ಮಾತೋ ಆಮೇಲೆ ಕಟ್ಟಿದ ಕತೆಯೋ ಆಯೋಗವೇ ಯೋಚಿಸಲಿ ಎಂದರು. ಹೊಸ ನ್ಯಾಯಾಧೀಶರು ಕೆಂಪು ಪೆನ್ಸಿಲ್ ತೆಗೆದು ಗೆರೆ ಎಳೆದರು.

ವಾದವನ್ನೂ ಬರೆದುಕೊಳ್ಳಬೇಕಾದವಳು ಬ್ರ್ಯಾಕೆಟ್ಟಮ್ಮನೇ. ತನ್ನದೇ ಪದವನ್ನು ಇನ್ನೊಬ್ಬರ ಬಾಯಿಂದ ಕೇಳಿ ಬರೆಯುವಾಗ ಅವಳ ಕಿವಿ ಸುಟ್ಟಂತಾಯಿತು. ಹಿಂದಿನ ಬೆಂಚಿನಲ್ಲಿ ಇಸ್ತ್ರಿಯಾಕೆ ಕೂತಿದ್ದಳು. ಇಂಗ್ಲಿಷ್ ಬಾರದು. ಎಲ್ಲರೂ ಒಮ್ಮೆಲೇ ತನ್ನತ್ತ ತಿರುಗಿದ್ದು ಕಂಡು, ತನ್ನ ಬಟ್ಟೆಗೇನಾದರೂ ಕಲೆಯಾಗಿದೆಯೇ ಎಂದು ನೋಡಿಕೊಂಡಳು. ಬ್ರ್ಯಾಕೆಟ್ಟಮ್ಮ ತಲೆ ಕೆಳಗೆ ಹಾಕಿದವಳು ಸಭೆ ಏಳುವವರೆಗೆ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಇಸ್ತ್ರಿಯಾಕೆ ಟೈಪಿಂಗ್ ಕೋಣೆಯ ಬಾಗಿಲಿಗೆ ಬಂದು ನಿಂತಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ನಿನ್ನೆ ತನ್ನ ಕಾಗದ ಓದುವಾಗ ಎಲ್ಲರೂ ತಿರುಗಿ ನೋಡಿದರು, ಅದರಲ್ಲಿ ತಾನು ಹೇಳಬಾರದ್ದೇನಾದರೂ ಹೇಳಿದ್ದೇನೆಯೇ, ದಯವಿಟ್ಟು ಓದಿ ಹೇಳಬೇಕು ಎಂದು ಕೇಳಿದಳು.

ಬ್ರ್ಯಾಕೆಟ್ಟಮ್ಮ ಕಡತ ತೆಗೆದಳು. ಕೂರಲು ಹೇಳಿದಳು. ಆಕೆಯ ಸಾಕ್ಷ್ಯ ಶುರುವಾಗುವ ಮೂವತ್ತೆಂಟನೇ ಪುಟದಿಂದ ಒಂದೊಂದೇ ಸಾಲನ್ನು ಆಕೆಯ ಮಾತಿಗೆ ತಿರುಗಿಸಿ ಓದುತ್ತ ಹೋದಳು. ಆಕೆ ಪ್ರತಿ ಸಾಲಿಗೂ ಹೂಂಗುಟ್ಟುತ್ತಿದ್ದಳು. ನಲವತ್ತೊಂದನೇ ಪುಟ ಬಂತು. ಜೋರಾಗಿ ಹಾಡಿಕೊಳ್ಳಿ ಎಂದರು ಎಂಬಲ್ಲಿಯವರೆಗೆ ಓದಿದಳು. ಮುಂದೆ ಆ ಎರಡು ಬಾಗಿದ ಗೆರೆಗಳು. ಕಣ್ಣು ಅದನ್ನು ದಾಟಿ ಮುಂದಿನ ಪ್ರಶ್ನೆಗೆ ಹಾರಿತು, ನಾಲಿಗೆ ಕಣ್ಣಿನ ಹಿಂದೆ ಹೋಯಿತು.

"ಅಷ್ಟೇನಾ?" ಎಂದಳು ಆಕೆ ಕೊನೆಗೆ.

"ಅಷ್ಟೇ."

"ನಾನು ಹೇಳಿದ್ದೇ ಇದೆ. ಒಂದು ಮಾತೂ ಬಿಡದೆ ಬರ್ದಿದೀರ, ಅಮ್ಮಾ. ನಿಮ್ಮಂಥೋರು ಇದ್ದಿದ್ದಕ್ಕೆ ಆಯ್ತು."

ಆಕೆ ಕೈ ಮುಗಿದು ಹೋದಳು. ಬ್ರ್ಯಾಕೆಟ್ಟಮ್ಮ ಬಾಗಿಲ ಕಡೆ ನೋಡುತ್ತಲೇ ಕೂತಳು. ಬರೆದದ್ದು ಆತುರದ ತಪ್ಪು ಎಂದು ಇಷ್ಟು ಹೊತ್ತು ಒಳಗೊಳಗೇ ವಕಾಲತ್ತು ಮಾಡಿಕೊಂಡಿದ್ದಳು. ಈಗ ಬಿಟ್ಟು ಓದಿದ್ದಕ್ಕೆ ಯಾವ ವಕೀಲರೂ ಸಿಗಲಿಲ್ಲ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ನೆಲ ಗಟ್ಟಿಯಾಗಿಯೇ ಇತ್ತು, ಪಕ್ಕದ ಮೇಜಿನವಳು ಬಂದು ಸ್ಟೇಪ್ಲರ್ ಪಿನ್ನು ಕೇಳಿದಳು, ಇವಳು ಕೊಟ್ಟಳು.

ಅಷ್ಟಾದರೂ ಬಾಯಿ ಬಿಡಲಿಲ್ಲ. ವಾರ ಕಳೆಯಿತು. ಹೊಸ ನ್ಯಾಯಾಧೀಶರು ವರದಿಯ ಡಿಕ್ಟೇಶನ್ ಶುರು ಮಾಡಿದರು. ಮೊದಲೆರಡು ದಿನ ಬಾಯ್ಲರಿನ ವಯಸ್ಸು, ತಪಾಸಣೆಯ ತಾರೀಖು. ಮೂರನೇ ದಿನ ಇಸ್ತ್ರಿಯಾಕೆಯ ಹೆಸರು ಬಂತು. ದಾಖಲೆಯಿಂದ ತಿಳಿದುಬರುವ ಸಾಕ್ಷಿಯ ವರ್ತನೆ ನಂಬಿಕೆ ಹುಟ್ಟಿಸುವಂಥದ್ದಲ್ಲ, ಆದಕಾರಣ ಮ್ಯಾನೇಜರಿಗೆ ಮುನ್ನೆಚ್ಚರಿಕೆ ಸಿಕ್ಕಿತ್ತೆಂಬುದನ್ನು ಆಯೋಗ ಒಪ್ಪುವುದಿಲ್ಲ ಎಂದು ಅವರು ಕಿಟಕಿಯತ್ತ ನೋಡುತ್ತ ಹೇಳಿದರು. ಅವಳು ಬರೆದುಕೊಂಡಳು. ಅವಳ ಪೆನ್ಸಿಲ್ ಎಲ್ಲೂ ತಡೆಯಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ.

ಅಂದು ಸಂಜೆ ಗಂಡ ಊಟದ ಮೇಜಿನ ಮೇಲೆ ಮಕ್ಕಳ ಉತ್ತರಪತ್ರಿಕೆ ಹರಡಿಕೊಂಡು ತಿದ್ದುತ್ತಿದ್ದರು. ಅವಳು ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಎಲ್ಲೂ ಪಕ್ಕಕ್ಕೆ ವಾಲದೆ, ದನಿ ತಗ್ಗಿಸದೆ ಹೇಳಿದ್ದು ಕಂಡೇ ಗಂಡನಿಗೆ ಗಾಬರಿಯಾಯಿತು. ಕೆಂಪು ಪೆನ್ನು ಕೆಳಗಿಟ್ಟರು.

"ಬ್ರ್ಯಾಕೆಟ್ ಒಳಗಿರೋದು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ ತಾನೇ ಅತ್ತೆ ಹೇಳ್ಕೊಟ್ಟಿದ್ದು?" ಎಂದಳು ಅವಳು.

"ಅದು ನಿಮ್ಮ ಇಂಗ್ಲಿಷಲ್ಲಿ. ನಮ್ಮ ಲೆಕ್ಕದಲ್ಲಿ ಬ್ರ್ಯಾಕೆಟ್ ಒಳಗಿರೋದನ್ನೇ ಮೊದ್ಲು ಬಿಡಿಸ್ಬೇಕು, ಕಣೇ. ಅದು ತಪ್ಪಾದ್ರೆ ಮುಂದಿನದ್ದೆಲ್ಲ ತಪ್ಪು."

ಇದು ತಮಾಷೆಯಲ್ಲ ಎಂದು ಅವಳಿಗೆ ಗೊತ್ತಾಯಿತು. ಕೆಲಸ ಹೋದರೆ ಎಂದು ಕೇಳಿದಳು. ಅವರು ಉತ್ತರಪತ್ರಿಕೆಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟರು. ಹೋದರೆ ನೋಡೋಣ, ನಾಳೆ ಬೆಳಿಗ್ಗೆ ಕಚೇರಿಯವರೆಗೆ ಬರಲೇ ಎಂದರು. ಬೇಡ ಎಂದಳು.

ಬೆಳಿಗ್ಗೆ ಹೊಸ ನ್ಯಾಯಾಧೀಶರ ಕೋಣೆಯಲ್ಲಿ ಕೂರದೆ ನಿಂತೇ ಹೇಳಿದಳು. ನಲವತ್ತೊಂದನೇ ಪುಟದ ಆವರಣದಲ್ಲಿರುವುದು ಸಾಕ್ಷಿಯ ಮಾತಲ್ಲ, ತನ್ನದು, ಅದನ್ನು ಬರೆಯುವಾಗಲೇ ಅದು ಸರಿಯಾದ ಪದವಲ್ಲವೆಂದು ತನಗೆ ಗೊತ್ತಿತ್ತು ಎಂದಳು. ಅವರು ನೋಟ್‌ಬುಕ್ ತರಿಸಿ ನೋಡಿದರು. ಶೀಘ್ರಲಿಪಿಯಲ್ಲಿ ಆ ಜಾಗ ಖಾಲಿ.

"ಗೊತ್ತಿದ್ದೂ ಯಾಕೆ ಬರೆದ್ರಿ?"

ಇದಕ್ಕೊಂದು ಉತ್ತರ ರಾತ್ರಿಯೆಲ್ಲ ಹೊಂದಿಸಿಟ್ಟುಕೊಂಡಿದ್ದಳು. ಬಸ್ಸಿಗೆ ಹೊತ್ತಾಗಿತ್ತು, ಆ ದಿನ ಮೂವರು ಸಾಕ್ಷಿಗಳಿದ್ದರು ಎಂದೆಲ್ಲ. ಅದು ಬಾಯಿಗೆ ಬರಲಿಲ್ಲ.

"ಚೆನ್ನಾಗಿ ಕಾಣ್ಸತ್ತೆ ಅಂತ ಬರೆದೆ, ಸರ್."

ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಇಡೀ ಕಡತದಲ್ಲಿ ಇಂಥ ಆವರಣಗಳು ಎಷ್ಟಿವೆ ಎಂದು ಕೇಳಿದರು. ಎಣಿಸಬೇಕು ಎಂದಳು. ಎಣಿಸಿಕೊಂಡು ಬನ್ನಿ, ಒಂದು ಸುಳ್ಳಾದರೆ ಉಳಿದದ್ದನ್ನು ನಾನು ಹೇಗೆ ನಂಬಲಿ ಎಂದರು. ಎರಡು ದಿನ ಕೂತು ಎಣಿಸಿದಳು. ನೂರ ಹನ್ನೆರಡು. ಒಂದೊಂದರ ಎದುರಿಗೂ, ಇದು ಕಣ್ಣಾರೆ ಕಂಡದ್ದು, ಇದು ನನ್ನ ಊಹೆ ಎಂದು ಗುರುತು ಹಾಕುತ್ತ ಹೋದಳು. ಇಲ್ಲೂ ಒಬ್ಬ ಸಾಕ್ಷಿ ಮಾಲೀಕರ ಮುಖ ನೋಡಿದ ಎಂದು ಬರೆದಿದ್ದಳು, ಅವನು ಗೋಡೆಯ ಗಡಿಯಾರವನ್ನೂ ನೋಡಿರಬಹುದಿತ್ತು. ಊಹೆಯ ಗುರುತುಗಳೇ ಹೆಚ್ಚಾಗುತ್ತ ಬಂದಾಗ ಹಾಳೆಯನ್ನು ಕೈಯಿಂದ ಮುಚ್ಚಿಕೊಂಡು ಬರೆಯತೊಡಗಿದಳು, ಪಕ್ಕದವರು ಇಣುಕಿ ನೋಡದಿರಲೆಂದು.

ಇಸ್ತ್ರಿಯಾಕೆಯನ್ನು ಮತ್ತೆ ಕರೆಸಿದರು. ಈ ಸಲ ಬರೆದುಕೊಳ್ಳಲು ಬೇರೆ ಸ್ಟೆನೋ. ಮೊದಲು ಬ್ರ್ಯಾಕೆಟ್ಟಮ್ಮನೇ ಸಾಕ್ಷಿಯ ಕಟಕಟೆ ಹತ್ತಬೇಕಾಯಿತು. ಅಷ್ಟು ವರ್ಷ ಅದರ ಕೆಳಗೆ ಕೂತವಳಿಗೆ ಅದು ಎಷ್ಟು ಎತ್ತರವೆಂದು ಗೊತ್ತಿರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ಇಸ್ತ್ರಿಯಾಕೆಗೂ ಅರ್ಥವಾಗುವ ಮಾತಿನಲ್ಲಿ, ತಾನು ಬರೆದದ್ದನ್ನು ಹೇಳಿದಳು. ಆಕೆ ಕೇಳಿ ಬಂದಾಗ ಅದನ್ನು ಬಿಟ್ಟು ಓದಿದ್ದನ್ನೂ ಹೇಳಿದಳು. ಅದನ್ನು ಯಾರೂ ಕೇಳಿರಲಿಲ್ಲ. ಮಾಲೀಕರ ವಕೀಲರು ಎದ್ದು, ಹಾಗಾದರೆ ನೀವು ಎರಡು ಸಲ ಸುಳ್ಳು ಹೇಳಿದ್ದೀರಿ ಎಂದರು. ಹೌದು ಎಂದಳು. ಗುಮಾಸ್ತ, ಜವಾನ, ಪಕ್ಕದ ಮೇಜಿನವಳು ಎಲ್ಲರೂ ಅಲ್ಲಿದ್ದರು. ಮೈಯೆಲ್ಲ ಹಿಡಿಯಷ್ಟಾಯಿತು.

ಆಮೇಲೆ ಇಸ್ತ್ರಿಯಾಕೆಯ ಸರದಿ. ಆ ದಿನ ನಕ್ಕಿರಾ ಎಂದು ನ್ಯಾಯಾಧೀಶರು ನೇರವಾಗಿ ಕೇಳಿದರು. ಆಕೆ ಇಲ್ಲ ಎನ್ನುತ್ತಾಳೆ ಎಂದೇ ಎಲ್ಲರೂ ಕಾದಿದ್ದರು, ಬ್ರ್ಯಾಕೆಟ್ಟಮ್ಮನೂ.

"ನಕ್ಕೆ, ಸ್ವಾಮಿ. ಯಾಕೆ ಸುಳ್ಳು ಹೇಳ್ಲಿ. ಅವರು ಜೋರಾಗಿ ಹಾಡ್ಕೊಳ್ಳಿ ಅಂದ್ರಲ್ಲ, ನನ್ನ ತಂಗಿ ಅದನ್ನ ನಿಜ ಅಂದ್ಕೊಂಡ್ಳು. ಎರಡು ದಿನಾನೂ ಹಾಡಿದ್ಳು. ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ, ಕೇಳೋಕಾಗ್ತಿರ್ಲಿಲ್ಲ. ಸಾಕು ಸುಮ್ನಿರೇ ಅಂತ ನಾನೇ ಬೈದೆ. ಬೈದು ಇಸ್ತ್ರಿ ಮೇಜಿನ ಕಡೆ ತಿರುಗಿದೆ, ಅಷ್ಟೊತ್ತಿಗೆ ಅದು ಸಿಡೀತು. ಆವತ್ತು ಇಲ್ಲಿ ಹೇಳ್ತಾ ಅವಳ ಆ ದನಿ ಕಿವಿಗೆ ಬಂತು. ನಗು ಬಂತು."

ಹೊಸ ನ್ಯಾಯಾಧೀಶರು ಪೆನ್ಸಿಲ್ ಮುಟ್ಟಲಿಲ್ಲ. ಮಾಲೀಕರ ವಕೀಲರು ಮುಂದೆ ಏನೂ ಕೇಳುವುದಿಲ್ಲವೆಂದು ಕೂತರು. ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನೊಬ್ಬ ಆವರೆಗೆ ತನಗೇನೂ ಗೊತ್ತಿಲ್ಲ ಎಂದಿದ್ದ. ಮಾರನೆಯ ದಿನ ತಾನಾಗಿಯೇ ಬಂದು, ಆ ಎರಡು ದಿನ ಆ ಹುಡುಗಿ ಹಾಡುತ್ತಿದ್ದದ್ದು ನಿಜ, ಯಾಕೆ ಎಂದು ಕೇಳಿದ್ದಕ್ಕೆ ಮ್ಯಾನೇಜರ ಮಾತನ್ನು ಹೇಳಿದ್ದಳು ಎಂದು ಬರೆದುಕೊಟ್ಟ.

ಇಸ್ತ್ರಿಯಾಕೆ ಸಾಕ್ಷಿ ಹೇಳಿದ ಆ ದಿನ ಸಭೆ ಮುಗಿದ ಮೇಲೆ ಬ್ರ್ಯಾಕೆಟ್ಟಮ್ಮ ಮೆಟ್ಟಿಲ ಬಳಿ ಆಕೆಯನ್ನು ಕಾದು ನಿಂತಳು. ಕ್ಷಮಿಸಿ ಎನ್ನಲು ಬಂದವಳಿಗೆ ಆ ಒಂದು ಪದ ತೀರ ಸಣ್ಣದಾಗಿ ಕಂಡಿತು. ಆದರೂ ಹೇಳಿದಳು.

ಆಕೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ನೆಟ್ಟಗಾದಳು. "ನೀವು ಬರ್ದಿದ್ದು ಸುಳ್ಳಲ್ಲ, ಅಮ್ಮಾ. ಯಾಕೆ ನಕ್ಕೆ ಅಂತ ಒಂದು ಮಾತು ಕೇಳ್ಬಹುದಿತ್ತು, ನಾನು ಅಲ್ಲೇ ಇದ್ನಲ್ಲ. ಅದೂ ಹೋಗ್ಲಿ. ನಂಬಿ ನಿಮ್ಮ ಹತ್ರ ಬಂದಾಗ ಬಿಟ್ಟು ಓದಿದ್ರಲ್ಲ, ಅದು ನಂಗೆ ಜೀರ್ಣ ಆಗ್ತಿಲ್ಲ."

ಬ್ರ್ಯಾಕೆಟ್ಟಮ್ಮ ಆಕೆ ಇನ್ನೇನಾದರೂ ಅಂದಾಳೆಂದು ಕಾದಳು. ಬರುತ್ತೀನಿ ಎಂದು ಸಹ ಹೇಳದೆ ಆಕೆ ಮೆಟ್ಟಿಲಿಳಿದು ಹೋದಳು.

ವರದಿ ಎರಡು ತಿಂಗಳಿಗೆ ಹೊರಬಂತು. ಮ್ಯಾನೇಜರಿಗೆ ಮುನ್ನೆಚ್ಚರಿಕೆ ಸಿಕ್ಕಿತ್ತು, ಅದನ್ನು ಆತ ಉಪೇಕ್ಷಿಸಿದ ಎಂದು ಆಯೋಗ ಒಪ್ಪಿತು, ಮಾಲೀಕರ ಮೇಲೂ ಮ್ಯಾನೇಜರ ಮೇಲೂ ಮೊಕದ್ದಮೆ ಹೂಡಬೇಕೆಂದು ಶಿಫಾರಸು ಮಾಡಿತು. ಕಡತದಲ್ಲಿದ್ದ ನೂರ ಹನ್ನೆರಡು ಆವರಣಗಳಲ್ಲಿ ಮೂವತ್ತನ್ನು ಉಳಿಸಿ ಮಿಕ್ಕವನ್ನು ಹೊಡೆದು ಹಾಕಲಾಯಿತು ಎಂದು ವರದಿಯ ಕೊನೆಯಲ್ಲಿ ಒಂದು ಟಿಪ್ಪಣಿ ಇತ್ತು. ಅದರಲ್ಲಿ ಅವಳ ಹೆಸರೂ ಇತ್ತು. ಸೇವಾ ಪುಸ್ತಕದಲ್ಲಿ ಕಪ್ಪು ಗುರುತು ಬಿತ್ತು. ಅವಳನ್ನು ಟಪಾಲು ವಿಭಾಗಕ್ಕೆ ಹಾಕಿದರು. ಬಂದ ಪತ್ರಕ್ಕೆ ತಾರೀಖಿನ ಮುದ್ರೆ ಒತ್ತುವುದು, ಹೋಗುವ ಲಕೋಟೆಗೆ ವಿಳಾಸ ಬರೆಯುವುದು ಕೆಲಸ. ಹಳೆಯ ಕೋಣೆಯವರು ಕಾರಿಡಾರಿನಲ್ಲಿ ಸಿಕ್ಕರೆ ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ಆದರೆ ಬ್ರ್ಯಾಕೆಟ್ಟಮ್ಮ ಎಂಬ ಹೆಸರು ಈಗ ಬೆನ್ನ ಹಿಂದೆಯೂ ಕೇಳಿಸುತ್ತಿರಲಿಲ್ಲ. ಅವರು ಅದನ್ನು ದಯೆಯಿಂದ ಬಿಟ್ಟಿದ್ದರು. ಅವಳಿಗೆ ಆ ದಯೆಯೇ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಹೊಸ ಜಾಗದಲ್ಲಿ ಮೊದಲ ತಿಂಗಳ ಒಂದು ಮಧ್ಯಾಹ್ನ, ಕಚೇರಿಗೆ ಬಂದಿದ್ದ ಒಬ್ಬ ಮುದುಕ ತನಗೆ ಬಂದ ಇಂಗ್ಲಿಷ್ ನೋಟೀಸನ್ನು ಅವಳ ಕಿಟಕಿಯೊಳಗೆ ತೂರಿಸಿ ಏನಿದೆ ನೋಡಮ್ಮ ಎಂದ. ಅವಳು ಅದನ್ನು ತಲೆಬರಹದಿಂದ ಶುರುಮಾಡಿ ನಿಧಾನಕ್ಕೆ ಹೇಳುತ್ತ ಹೋದಳು. ಅವನ ಪಾಲಿಗೆ ಒಳ್ಳೆಯದಲ್ಲದ ಒಂದು ಸಾಲು ಅದರಲ್ಲಿತ್ತು. ಅಲ್ಲಿ ದನಿ ತಾನಾಗಿ ತಗ್ಗಿತು. ಮುದುಕ ಕಿವಿಗೆ ಕೈ ಹಚ್ಚಿ, ಇನ್ನೊಮ್ಮೆ ಹೇಳು ಎಂದ. ಅವಳು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು.